ಓಲೆಯಿಲ್ಲದ ಕಿವಿ

ಫೋಟೋದಲ್ಲಿ ತನ್ನ ಹೆಬ್ಬೆರಳು ಬಿದ್ದಿತ್ತೋ ಇಲ್ಲವೋ ಎಂಬುದು ಎಷ್ಟು ತಿಣುಕಿದರೂ ಲಿಂಗಯ್ಯನಿಗೆ ನೆನಪಾಗಲಿಲ್ಲ. ಡೇರಿಯ ಕಿಟಕಿಯ ಮುಂದೆ ಬೆಳಗಿನ ಸಾಲು ಇನ್ನೂ ಕರಗಿರಲಿಲ್ಲ. ಅವನ ಕೈಗಳು ತಮ್ಮ ಪಾಡಿಗೆ ತಾವು ಹಾಲು ಅಳೆಯುತ್ತಿದ್ದವು, ಲ್ಯಾಕ್ಟೋಮೀಟರು ಇಳಿಬಿಡುತ್ತಿದ್ದವು, ಚೀಟಿ ಬರೆಯುತ್ತಿದ್ದವು. ಕಣ್ಣು ಮಾತ್ರ ಬಲಗೈಯ ಹೆಬ್ಬೆರಳಿನ ಮೇಲೇ ಇತ್ತು. ಹತ್ತು ವರ್ಷದವನಿದ್ದಾಗ ಮೇವು ಕತ್ತರಿಸುವ ಮಿಷನ್ನಿಗೆ ಸಿಕ್ಕಿ ಉಗುರು ನಟ್ಟನಡುವೆ ಸೀಳಿತ್ತು. ಆಮೇಲೆ ಬೆಳೆದದ್ದೆಲ್ಲ ಎರಡು ಹೋಳಾಗಿಯೇ ಬೆಳೆದು, ಮಧ್ಯದಲ್ಲಿ ಕರಿಗೆರೆಯೊಂದು ನಿಂತುಬಿಟ್ಟಿತ್ತು. ವಿರೂಪಾಕ್ಷಿಪುರದ ಸುತ್ತ ಎಷ್ಟು ಹಳ್ಳಿ ತಿರುಗಿದರೂ ಇಂಥ ಹೆಬ್ಬೆರಳು ಇನ್ನೊಂದು ಸಿಗಲಿಕ್ಕಿಲ್ಲ. ಮುಖವಾದರೂ ಯಾರದೋ ಥರ ಇದೆ ಎಂದು ಹೇಳಿ ಜಾರಿಕೊಳ್ಳಬಹುದು. ಇದನ್ನು ಹಾಗೆ ಹೇಳುವಂತಿರಲಿಲ್ಲ.

ಅರ್ಧ ಗಂಟೆಯ ಹಿಂದೆ ಮಾರಮ್ಮ ಇದೇ ಸಾಲಿನಲ್ಲಿ ನಿಂತಿದ್ದಳು. ಸರದಿ ಬಂದಾಗ ದಿನದಂತೆ ಕ್ಯಾನನ್ನು ಕಟ್ಟೆಯ ಮೇಲಿಟ್ಟಳು. ದಿನದಂತೆ ಅವನು ಮುಚ್ಚಳ ತೆಗೆದು ಬಗ್ಗಿಸಿದ. ಏನೂ ಬೀಳಲಿಲ್ಲ. ತೊಳೆದು ಬೋರಲು ಹಾಕಿ ಒಣಗಿಸಿದ್ದ ಕ್ಯಾನು. ಅದರ ತಳದಲ್ಲಿ ಕಿಟಕಿಯ ಬೆಳಕು ಒಂದು ರೂಪಾಯಿಯಷ್ಟು ಅಗಲಕ್ಕೆ ಕೂತಿತ್ತು. "ಸೋಮಿ ವೋಯ್ತು ಕಣ್ ಲಿಂಗಣ್ಣ" ಎಂದಳು ಮಾರಮ್ಮ, ಹಾಲು ಇವತ್ತು ಒಸಿ ಕಮ್ಮಿ ಅನ್ನುವ ದನಿಯಲ್ಲಿಯೇ. "ವೊಟ್ಟೆ ಉಬ್ಬರಿಸ್ಕಂತು. ಕೋಳಿ ಕೂಗೊ ವೊತ್ಗೆಲ್ಲ ವೋಗೇ ಬುಡ್ತು. ನನ್ ಕಾಲು ಅಭ್ಯಾಸದ ಮ್ಯಾಲೆ ಇಲ್ಲೀಗಂಟ ಕರ್ಕಂಡ್ ಬಂದ್ಬುಟ್ಟವೆ." ಹಿಂದೆ ನಿಂತಿದ್ದವರು ಲೊಚಗುಟ್ಟಿದರು. ಯಾರೋ ಅಯ್ಯೋ ಶಿವನೇ ಅಂದರು. ಅವನೂ ಏನಾದರೂ ಅನ್ನಬೇಕಿತ್ತು. ಹಸು ಸೋಮವಾರ ಮನೆಗೆ ಬಂದದ್ದಕ್ಕೆ ಸೋಮಿ ಎಂದು ಹೆಸರಿಟ್ಟವಳು, ಗಂಡ ಸತ್ತು ಮಗಳು ಉಯ್ಯಂಬಳ್ಳಿಗೆ ಹೋದ ಮೇಲೆ ಅದರ ಜೊತೆಗೇ ಜಗಳವಾಡುತ್ತ, ಅದಕ್ಕೇ ಊರ ಸುದ್ದಿ ಹೇಳುತ್ತ, ಅದರ ಹಾಲಿನಿಂದಲೇ ಉಸಿರಾಡಿಕೊಂಡಿದ್ದವಳು ಎದುರಿಗೆ ಖಾಲಿ ಕ್ಯಾನು ಹಿಡಿದು ನಿಂತಿರುವಾಗ, ಅಯ್ಯೋ ಅನ್ನಲು ಬಾಯಿಗೆ ಎಷ್ಟು ಹೊತ್ತು ಬೇಕು? ಆದರೆ ಲಿಂಗಯ್ಯ ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿ, "ಓಲೆ ಎಲ್ಲೈತೆ ಮಾರಕ್ಕ?" ಎಂದು ಕೇಳಿದ್ದ.

ಅವಳು ಅವನನ್ನು ಒಂದು ಕ್ಷಣ ಹಾಗೇ ನೋಡಿದಳು. "ದ್ಯಾವ್ರ ಗೂಡ್ನಲ್ಲೈತೆ. ಇನ್ನೆಲ್ಲಿರ್ತದೆ?" ಎಂದಳು.

ಆ ನೋಟದ್ದೇ ಈಗ ಕಾಟ. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಗೊತ್ತಿರುವ ಮನೆಯೊಂದಕ್ಕೆ ಬಂದು ಬಾಗಿಲು ತಟ್ಟಿದಾಗ ಯಾರೋ ಅಪರಿಚಿತರು ತೆಗೆದರೆ ಹೇಗೆ ನೋಡುತ್ತಾರೋ ಹಾಗೆ ನೋಡಿದ್ದಳು. ಸಾಲು ಮುಗಿಯಿತು. ಕ್ಯಾನುಗಳನ್ನು ಲಾರಿಗೆ ಏರಿಸಿ ಕಳಿಸಿದ್ದಾಯಿತು. ಚೆಲ್ಲಿದ ಹಾಲಿಗೆ ನೀರು ಹೊಯ್ದು ಪೊರಕೆ ಎಳೆಯುತ್ತಿರುವಾಗ ಅವನಿಗೆ ತಾನು ಕೇಳಿದ್ದು ತಪ್ಪೇನಲ್ಲ, ಅವಳ ಒಳ್ಳೆಯದಕ್ಕೇ ಕೇಳಿದ್ದು ಅನ್ನಿಸಿತು. ಮರುಕ್ಷಣ, ಅಲ್ಲ, ನನ್ನ ತಲೆ ಉಳಿಸಿಕೊಳ್ಳಲಿಕ್ಕೆ ಕೇಳಿದ್ದು ಅನ್ನಿಸಿತು. ನೀರು ಮೋರಿಯ ಕಡೆ ಬೆಳ್ಳಗೆ ಹರಿದು ಹೋಯಿತು.

ಎರಡು ವರ್ಷದ ಹಿಂದೆ, ಡೇರಿಯ ಮುಂದಿನ ಹುಣಸೆ ಮರದಡಿ ರಾಸು ವಿಮೆಯ ಕ್ಯಾಂಪು. ಬೆಳಗಿನಿಂದ ನಲವತ್ತಮೂರು ಹಸು. ವಿಮೆ ಮಾಡಿಸಿದ ಹಸುವಿನ ಕಿವಿಗೆ ನಂಬರಿನ ಹಳದಿ ಪ್ಲಾಸ್ಟಿಕ್ ಓಲೆ ಹೊಡೆಯಬೇಕು. ಓಲೆ ಹೊಡೆದ ಕಿವಿ ಕಾಣುವ ಹಾಗೆ ಫೋಟೋ ತೆಗೆಯಬೇಕು. ಹಸು ಸತ್ತರೆ ಓಲೆ ಸಮೇತ ಕಿವಿಯನ್ನು ಕೊಯ್ದು ಆಫೀಸಿಗೆ ಒಪ್ಪಿಸಬೇಕು. ಕಿವಿಯಲ್ಲಿ ಓಲೆ ಇಲ್ಲದಿದ್ದರೆ ಕ್ಲೇಮೂ ಇಲ್ಲ. ಪಶು ಡಾಕ್ಟರು ನಂಜುಂಡಯ್ಯನವರು ಮೊದಲ ಹತ್ತು ಹಸುವಿಗೆ ತಾವೇ ಹೊಡೆದರು. ಆಮೇಲೆ ಡೇರಿ ಅಧ್ಯಕ್ಷರ ಮನೆಯಿಂದ ಊಟಕ್ಕೆ ಕರೆ ಬಂತು. ಓಲೆ ಚುಚ್ಚುವ ಇಕ್ಕಳವನ್ನು ಲಿಂಗಯ್ಯನ ಕೈಗೆ ಕೊಟ್ಟು, ಇದೇನು ಬ್ರಹ್ಮವಿದ್ಯೆಯಲ್ಲ, ನೀವೇ ಮುಗಿಸಿಬಿಡಿ, ಸಹಿ ನಾನು ಆಮೇಲೆ ಹಾಕ್ತೀನಿ ಎಂದು ಹೋದರು. ಮೂವತ್ತೆರಡು ಕಿವಿ. ಪ್ರತಿ ಸಲ ಇಕ್ಕಳ ಒತ್ತಿದಾಗಲೂ 'ಟಕ್' ಎಂಬ ಒಂದೇ ಸದ್ದು, ಹಸು ತಲೆ ಒದರುವ ಒಂದೇ ರೀತಿ, ಅಂಗೈಗೆ ಸಿಡಿಯುವ ಎರಡೇ ಹನಿ ರಕ್ತ. ಕೊನೆಗೆ ಉಳಿದದ್ದು ಸೋಮಿ. ಮಾರಮ್ಮ ಹಗ್ಗ ಬಿಟ್ಟು ಅದರ ಎರಡು ಕಿವಿಯನ್ನೂ ಎರಡು ಕೈಯಲ್ಲಿ ಮುಚ್ಚಿಕೊಂಡು ನಿಂತುಬಿಟ್ಟಳು. ಅವಳ ಹಿಂದಿನ ಹಸುವಿನ ಓಲೆ ಬೇಲಿಯ ತಂತಿಗೆ ಸಿಕ್ಕಿ, ಕಿವಿ ಹರಿದು, ಹುಳ ಬಿದ್ದಿತ್ತಂತೆ. "ಬ್ಯಾಡ ಕಣಪ್ಪ. ನಿಮ್ಗೆ ನಂಬರ್ ತಾನೆ ಬೇಕಾಗಿರೋದು? ನನ್ ತಾವ ಕೊಡು, ಜ್ವಾಪಾನ ಮಾಡ್ತೀನಿ." ಹಾಗೆ ಹೇಳುವಾಗ ಅವಳ ತಲೆಯ ಸೆರಗು ಜಾರಿತ್ತು. ಅವಳ ಎಡಗಿವಿಯ ಹಾಲೆ ಎರಡು ಸೀಳಾಗಿ ನೇತಾಡುತ್ತಿತ್ತು. ಬದುಕಿದ್ದಾಗ ಗಂಡ ಒಂದು ದಿನ ಕುಡಿದು ಬಂದು ಓಲೆ ಕೇಳಿದ್ದ, ಇವಳು ಬಿಚ್ಚಲು ತಡ ಮಾಡಿದ್ದಳು. ಊರಿಗೆಲ್ಲ ಗೊತ್ತಿದ್ದ ಸಂಗತಿ.

ಆ ಸೀಳು ಕಿವಿಯನ್ನು ನೋಡಿ ತನ್ನ ಕೈ ಸೋತಿತು ಎಂದು ಲಿಂಗಯ್ಯ ಈ ಎರಡು ವರ್ಷವೂ ತನಗೆ ತಾನೇ ಹೇಳಿಕೊಂಡಿದ್ದ. ಒಳ್ಳೆಯ ಮನುಷ್ಯನ ಹಾಗೆ ನಡೆದುಕೊಂಡ ದಿನಗಳನ್ನು ಬೆರಳು ಮಡಚಿ ಎಣಿಸುವಾಗ ಅದನ್ನೂ ಸೇರಿಸಿಕೊಳ್ಳುತ್ತಿದ್ದ. ನಿಜಕ್ಕೂ ಹಾಗೇ ಇತ್ತೇ? ಅವತ್ತು ಅವನಿಗೆ ಹಸಿವಾಗಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ಅಧ್ಯಕ್ಷರ ಮನೆಯ ಊಟಕ್ಕೆ ತನ್ನನ್ನು ಯಾರೂ ಕರೆದಿರಲಿಲ್ಲ. ಇವಳ ಜೊತೆ ಯಾರು ಹೊಡೆದಾಡುತ್ತಾರೆ ಎಂಬ ಬೇಸರವೇ ಕರುಣೆಯ ವೇಷ ಹಾಕಿಕೊಂಡು ಬಂದಿರಬಹುದು. ಏನೇ ಇರಲಿ, ಅವನು ಆ ಕಡೆ ಈ ಕಡೆ ನೋಡಿ, ಓಲೆಯನ್ನು ಸೋಮಿಯ ಕಿವಿಯ ಮೇಲಿಟ್ಟು, ಬೀಳದ ಹಾಗೆ ಹೆಬ್ಬೆರಳಲ್ಲಿ ಒತ್ತಿ ಹಿಡಿದ. ಚನ್ನಪಟ್ಟಣದಿಂದ ಬಂದಿದ್ದ ಫೋಟೋದ ಶುಕೂರ್ ಅವಸರದಲ್ಲಿ ಕ್ಲಿಕ್ಕಿಸಿದ. ಆಮೇಲೆ ಓಲೆ ಮಾರಮ್ಮನ ಮಡಿಲಿಗೆ ಬಿತ್ತು. ಫೋಟೋಗಳು ಡಾಕ್ಟರ ಮೂಲಕ ನೇರ ಆಫೀಸಿನ ಫೈಲು ಸೇರಿದವು. ಅವನು ಅವನ್ನು ನೋಡಿದ್ದೇ ಇಲ್ಲ.

ಡೇರಿಯ ಫೋನಿನಿಂದ ಡಾಕ್ಟರಿಗೆ ತಿಳಿಸಿದ. ಅವರು ಬೈರಮಂಗಲದ ಕಡೆ ಎಲ್ಲೋ ಇದ್ದರು. ನಾಲ್ಕು ಗಂಟೆಗೆ ಬರುತ್ತೇನೆ, ಅಷ್ಟರಲ್ಲಿ ಚನ್ನಪಟ್ಟಣಕ್ಕೆ ಹೋಗಿ ಕ್ಲೇಮ್ ಫಾರಂ ತಂದಿಡಿ, ಹೂಳಲು ಬಿಡಬೇಡಿ ಎಂದರು. ಫೋನು ಇಡುವ ಮುಂಚೆ, "ಕಿವಿಲಿ ಓಲೆ ಇದೆ ತಾನೆ?" ಎಂದು ಕೇಳಿದರು. "ಐತೆ ಸಾರ್" ಎಂದ ಲಿಂಗಯ್ಯ. ನಾಲಗೆಯ ಮೇಲೆ ಮೊದಲೇ ಇಟ್ಟಿದ್ದ ಹಾಗೆ ಬಂತು ಆ ಮಾತು. ಆಚೆ ಕಡೆಯಿಂದ ಡಾಕ್ಟರು ಒಂದು ಉಸಿರು ಎಳೆದುಕೊಂಡರು, ಅಥವಾ ಹಾಗೆ ಇವನಿಗೆ ಕೇಳಿಸಿತು. ಇಕ್ಕಳ ಡೇರಿಯ ಬೀರುವಿನಲ್ಲೇ ಇತ್ತು, ಎಣ್ಣೆ ಕಾಣದೆ ಬಿಗಿದುಕೊಂಡು. ಅದನ್ನು ಕೈಚೀಲದ ತಳಕ್ಕೆ ಹಾಕಿ, ಮೇಲೆ ಟವೆಲ್ಲು ಮುಚ್ಚಿದ. ಓಲೆ ಹೊಡೆಯುವ ಇಕ್ಕಳವನ್ನು ಡೇರಿಯ ಸೆಕ್ರೆಟರಿಯೇ ಬಚ್ಚಿಟ್ಟುಕೊಂಡು ಹೋಗಬೇಕಾದ್ದೇನಿತ್ತು?

ಬಸ್ಸಿನಲ್ಲಿ ಕೂರಲು ಸೀಟಿತ್ತು, ಆದರೂ ನಿಂತೇ ಇದ್ದ. ಪಕ್ಕದಲ್ಲಿ ಒಬ್ಬ ಹೆಂಗಸಿನ ತೊಡೆಯ ಮೇಲೆ ಮಗುವೊಂದು ಹೊಸದಾಗಿ ಚುಚ್ಚಿಸಿ ಮುರ ಹಾಕಿಸಿಕೊಂಡ ಕಿವಿಯನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತಿತ್ತು. ಕಿವಿ ಕೆಂಪಗೆ ಊದಿತ್ತು. ಲಿಂಗಯ್ಯನಿಗೆ ತನ್ನ ಮಗಳ ಕಿವಿ ಚುಚ್ಚಿಸಿದ ದಿನ ಎದುರಿಗೆ ಬಂತು: ಆಚಾರಿಯ ಅಂಗಡಿಯ ಮಣೆ, ಮೊಣಕಾಲಿಗೆ ಒರಗಿದ್ದ ಅವಳ ಪುಟ್ಟ ಬೆನ್ನು, ಅದರೊಳಗೆ ಡವಡವ ಎನ್ನುವ ಎದೆ. ಅಳಬಾರದೆಂದು ಕೊಬ್ಬರಿ ಬೆಲ್ಲ ಬಾಯಿಗಿಟ್ಟು, ತಲೆ ಅಲುಗದ ಹಾಗೆ ಹಿಡ್ಕಳಿ ಸ್ವಾಮಿ ಎಂದಿದ್ದರು ಆಚಾರಿ. ಬಲಗಿವಿ ಆಯಿತು. ಮಗಳು ಕಿರುಚಿದ್ದು ಅವನ ಹೊಟ್ಟೆಯೊಳಗಿಂದ ಬಂದ ಹಾಗಿತ್ತು. ಎಡಗಿವಿಗೆ ತಂತಿ ತಾಗಿಸುವಷ್ಟರಲ್ಲಿ ಅವನು ಮಗುವನ್ನು ಹೆಂಡತಿಯ ಮಡಿಲಿಗೆ ತಳ್ಳಿ ರಸ್ತೆಗೆ ಇಳಿದುಬಿಟ್ಟಿದ್ದ. ತಲೆ ಅಲುಗಿ ಎಡಗಿವಿಯ ತೂತು ಒಂದು ಕಾಳಿನಷ್ಟು ಕೆಳಗೆ ಬಿತ್ತು. ಈಗಲೂ ಮಗಳ ಎರಡು ಓಲೆಗಳು ಒಂದೇ ಮಟ್ಟಕ್ಕೆ ನಿಲ್ಲುವುದಿಲ್ಲ. ಹೆಂಡತಿ ಗಂಗಲಕ್ಷ್ಮಮ್ಮ ಅವತ್ತು ಮನೆಗೆ ಬರುವ ತನಕ ಮಾತಾಡಿರಲಿಲ್ಲ. ಬಂದು ಚಪ್ಪಲಿ ಬಿಡುತ್ತ ಹೇಳಿದ್ದು ಒಂದೇ ಮಾತು: "ಬುಟ್ಟೋಡೋಗೋರು ಇಡ್ಕಳಕ್ಕೆ ಯಾಕ್ ಕುಂತ್ಕಬೇಕು?" ಹೆಂಡತಿ ಅದನ್ನು ಆಗಲೇ ಮರೆತಿದ್ದಾಳೆ. ಅವನು ಮಗಳು ತಲೆ ಬಾಚಿಕೊಳ್ಳುವಾಗಲೆಲ್ಲ ಕೇಳಿಸಿಕೊಳ್ಳುತ್ತಾನೆ.

ವಿಮೆಯ ಆಫೀಸು ಮಹಡಿಯ ಮೇಲಿತ್ತು. ಫಾರಂ ಕೊಡುವ ಗುಮಾಸ್ತ ಇವನ ಮುಖ ನೋಡುವ ಮೊದಲು ಚೀಲ ನೋಡಿದ. ಏನ್ರೀ, ಅದರಲ್ಲಿ ಕಿವಿ ಇದೆಯಾ, ಇದ್ದರೆ ಆಚೆಗೇ ಇಡಿ ಎಂದ. ಇಲ್ಲ, ಇನ್ನೂ ಕೊಯ್ದಿಲ್ಲ ಎಂದ ಲಿಂಗಯ್ಯ. ಹೋದ ವಾರ ಯಾರೋ ಬರೀ ಪೇಪರಿನಲ್ಲಿ ಸುತ್ತಿ ತಂದು, ಅದು ಮೂರು ದಿನ ಮೇಜಿನ ಡ್ರಾಯರಿನಲ್ಲೇ ಉಳಿದು, ಇಡೀ ಆಫೀಸು ಊಟ ಬಿಟ್ಟಿದ್ದನ್ನು ಗುಮಾಸ್ತ ಎಲ್ಲರಿಗೂ ಕೇಳುವ ಹಾಗೆ ವರ್ಣಿಸಿದ. ಪಕ್ಕದ ಮೇಜಿನವರು ನಕ್ಕರು. ಲಿಂಗಯ್ಯನೂ ನಕ್ಕ. ನಗುವಾಗ ತನ್ನ ಕೈ ಜೇಬಿನೊಳಗೆ ಹೋಗಿ ಹೆಬ್ಬೆರಳನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡದ್ದು ಅವನಿಗೆ ಗೊತ್ತಾಯಿತು. "ಕಲ್ಲುಪ್ಪು ಹಾಕಿ ತನ್ನಿ. ಓಲೆ ಕಿವಿಯಲ್ಲೇ ಇರಬೇಕು. ಬಿದ್ದೋಯ್ತು, ಕಳೆದೋಯ್ತು, ಕೈಲೈತೆ ಅಂದ್ರೆ ಮೆಟ್ಟಿಲು ಹತ್ತಲೇಬೇಡಿ" ಎಂದು ಗುಮಾಸ್ತ ಫಾರಮನ್ನು ಮೇಜಿನ ಮೇಲೆ ಜಾರಿಸಿದ.

ಬಸ್‌ ಸ್ಟ್ಯಾಂಡಿಗೆ ಹೋಗಬೇಕಾದವನು ತಿರುಗಿ ಶುಕೂರನ ಸ್ಟುಡಿಯೋದ ಕಡೆ ನಡೆದ. ಬೊಂಬೆ ಅಂಗಡಿಗಳ ಸಾಲು ದಾಟುವಾಗ ಅರಗಿನ ಬಿಸಿ ವಾಸನೆ ಮೂಗಿಗೆ ಬಡಿಯಿತು. ಸ್ಟುಡಿಯೋದಲ್ಲಿ ಶುಕೂರ್ ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತರಿಸುತ್ತ ಕೂತಿದ್ದ. ಇವನನ್ನು ನೋಡಿ, "ಬನ್ನಿ ಬನ್ನಿ ಲಿಂಗಯ್ಯನೋರೆ, ಯಾರ ಮದುವೆ?" ಎಂದ. ಕ್ಯಾಂಪಿನ ನೆಗೆಟಿವ್ ಇದೆಯೇ ಎಂದು ಕೇಳಿದಾಗ, ಯಾಕೆ ಎಂದು ಕೇಳಲಿಲ್ಲ. "ಮನುಷ್ಯರದು ಒಂದೊಂದ್ಸಲ ಬಿಸಾಕ್ತೀನಿ. ದನದ್ದು ಬಿಸಾಕಲ್ಲ. ಮನುಷ್ಯರು ಇನ್ನೊಂದು ಸಲ ಬಂದು ಕೂತ್ಕೊಳ್ತಾರೆ" ಎಂದು ಬಿಸ್ಕತ್ತಿನ ಡಬ್ಬಗಳನ್ನು ಒಂದೊಂದಾಗಿ ಇಳಿಸಿ, ಉದ್ದನೆಯ ಸುರುಳಿಯೊಂದನ್ನು ತೆಗೆದು ಟ್ಯೂಬ್‌ಲೈಟಿಗೆ ಹಿಡಿದ. ಕೊನೆಯ ಚೌಕದಲ್ಲಿ ಸೋಮಿ ಇತ್ತು. ನೆಗೆಟಿವಿನಲ್ಲಿ ಅದರ ಕಪ್ಪು ಮೈ ಹೊಗೆಯ ಹಾಗೆ ಬೆಳ್ಳಗೆ, ಹಣೆಯ ಬಿಳಿ ಚುಕ್ಕೆ ಸುಟ್ಟ ಗಾಯದ ಹಾಗೆ ಕಪ್ಪಗೆ. ಮಾರಮ್ಮನ ಕೂದಲು ಬೆಳ್ಳಗೆ ಹೊಳೆಯುತ್ತ, ಮುಖ ಗುಹೆಯಾಗಿತ್ತು. ಕಿವಿಯ ಹತ್ತಿರ, ಚೌಕದ ಅಂಚಿನಿಂದ ಯಾರ ಮೈಗೂ ಸೇರದ ಒಂದು ಕೈ ಒಳಗೆ ಬಂದಿತ್ತು. ಹೆಬ್ಬೆರಳು ಸ್ಪಷ್ಟವಾಗಿತ್ತು. ಉಗುರಿನ ಕರಿಗೆರೆ ಅಲ್ಲಿ ಬಿಳಿಗೆರೆಯಾಗಿತ್ತು, ಕತ್ತಲೆ ಕೋಣೆಯ ಬಾಗಿಲ ಸಂದಿನಂತೆ.

"ಪ್ರಿಂಟ್ ಹಾಕ್ಲಾ?" ಎಂದ ಶುಕೂರ್.

ಬೇಡ ಎಂದು ಹೊರಬಿದ್ದ. ಅನುಮಾನ ನಿಜವಾದರೆ ಒಂದು ಥರದ ನಿರಾಳ ಇರುತ್ತದೆ ಎಂದುಕೊಂಡಿದ್ದ, ಇರಲಿಲ್ಲ. ಬಸ್ಸಿನಲ್ಲಿ ಫಾರಂ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಕುಲುಕಾಟ ನಿಂತಾಗಲೆಲ್ಲ ಬರೆದ. ಮಾಲೀಕರ ಹೆಸರು, ಗಂಡನ ಹೆಸರು, ರಾಸಿನ ಬಣ್ಣ, ಡೇರಿಯ ಪುಸ್ತಕದಿಂದ ಬರೆದುಕೊಂಡು ಬಂದಿದ್ದ ಓಲೆಯ ಸಂಖ್ಯೆ. ಇಂಥ ಫಾರಂಗಳನ್ನು ವರ್ಷಕ್ಕೆ ಹತ್ತಾರು ಬರೆಯುತ್ತಿದ್ದವನಿಗೆ ಕೆಳಗಿನ ದಪ್ಪಕ್ಷರದ ಸಾಲುಗಳನ್ನು ಓದುವ ಅಭ್ಯಾಸ ತಪ್ಪಿತ್ತು. ಅವನ ತಲೆಯೊಳಗೆ ಬೇರೆಯದೇ ಲೆಕ್ಕ ನಡೆಯುತ್ತಿತ್ತು. ಫೈಲಿನ ಫೋಟೋವನ್ನು ಯಾರು ತೆಗೆದು ನೋಡುತ್ತಾರೆ? ಸತ್ತ ಹಸುವಿನ ಕಿವಿ, ಕಿವಿಯಲ್ಲಿ ಓಲೆ, ಓಲೆಯಲ್ಲಿ ನಂಬರು. ಇಷ್ಟು ಸರಿಯಿದ್ದರೆ ಸಾಕು. ಸುಳ್ಳು ಎಲ್ಲಿದೆ ಇದರಲ್ಲಿ? ಹಸು ಇದೇ ಹಸು. ಓಲೆ ಇದೇ ಓಲೆ. ಕಂತು ಕಟ್ಟಿದ್ದು ನಿಜ, ಸತ್ತದ್ದು ನಿಜ. ಎರಡು ವರ್ಷದ ಹಿಂದೆ ಆಗಬೇಕಿದ್ದ ಒಂದು ತೂತು ಇವತ್ತು ಆಗುತ್ತದೆ, ಅಷ್ಟೆ. ತೂತಿಗೇನು ತಾರೀಖು ಇರುತ್ತದೆಯೇ? ಇರುತ್ತದೆ ಎಂದು ಅವನಿಗೆ ಗೊತ್ತಿತ್ತು. ಬದುಕಿದ್ದಾಗ ಚುಚ್ಚಿದ ತೂತಿನ ಅಂಚು ಮಾಗಿ ದಪ್ಪಗಾಗಿರುತ್ತದೆ. ಸತ್ತ ಮೇಲೆ ಚುಚ್ಚಿದ್ದು ಕಾಗದಕ್ಕೆ ಮೊಳೆ ಹೊಡೆದ ಹಾಗೆ ಇರುತ್ತದೆ. ಮೂವತ್ತು ವರ್ಷ ದನ ನೋಡಿದ ನಂಜುಂಡಯ್ಯನವರು ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದರೂ ಹೇಳಿಬಿಡುತ್ತಾರೆ.

ಮಾರಮ್ಮನ ಹಿತ್ತಲಿಗೆ ಹೋದಾಗ ಮೂರು ದಾಟಿತ್ತು. ಗುಂಡಿ ತೋಡಲು ಬಂದಿದ್ದ ವೆಂಕಟಯ್ಯ ಕೆಲಸ ಮುಗಿಸಿ, ಡಾಕ್ಟರು ಬಂದ ಮೇಲೆ ಕೂಗಿ ಎಂದು ಹೋಗಿದ್ದ. ಹೊಂಗೆಯ ನೆರಳಲ್ಲಿ ಸೋಮಿ ನಾಲ್ಕು ಕಾಲು ಚಾಚಿ ಮಲಗಿತ್ತು. ಹೊಟ್ಟೆ ಒಂದು ದಿಬ್ಬದಷ್ಟು ಎದ್ದಿತ್ತು. ಮಾರಮ್ಮ ಹಣೆಗೆ ಅರಿಶಿನ ಕುಂಕುಮ ಬಳಿದು, ಕೊಂಬಿಗೆ ಕನಕಾಂಬರದ ತುಂಡು ಸುತ್ತಿ, ಸೊಪ್ಪಿನಿಂದ ನೊಣ ಅಟ್ಟುತ್ತ ಕೂತಿದ್ದಳು. ಇವನನ್ನು ನೋಡಿ ಎದ್ದು ಒಳಗೆ ಹೋಗಿ, ವೀಳ್ಯದೆಲೆಯ ಮೇಲೆ ಓಲೆಯನ್ನಿಟ್ಟುಕೊಂಡು ಬಂದಳು. ಎರಡು ವರ್ಷದ ಶುಕ್ರವಾರಗಳು ಅದರ ಮೇಲೆ ಕೆಂಪಗೆ ಮೆತ್ತಿಕೊಂಡಿದ್ದವು. ನಂಬರು ಕಾಣುತ್ತಲೇ ಇರಲಿಲ್ಲ. ಲಿಂಗಯ್ಯ ಅವಳ ಮುಖ ನೋಡದೆ ಮೊದಲು ಫಾರಂ ತೆಗೆದ, ಇಂಕಿನ ಪ್ಯಾಡು ತೆಗೆದ. ಅವಳ ಎಡಗೈ ಹೆಬ್ಬೆಟ್ಟನ್ನು ಹಿಡಿದು ಪ್ಯಾಡಿಗೆ ಹೊರಳಿಸಿ ಫಾರಮಿನ ಮೂಲೆಗೆ ಒತ್ತಿದ. ಡೇರಿಯಲ್ಲಿ ನೂರಾರು ಸಲ ಮಾಡಿದ ಕೆಲಸ. ಹಾಲು ಕರೆದು ಕರೆದು ಅವಳ ಬೆರಳಿನ ಗೆರೆಗಳು ಸವೆದಿದ್ದವು. ಕಾಗದದ ಮೇಲೆ ಮೂಡಿದ್ದು ನಡುವೆ ಬರಿದಾದ ಒಂದು ನೀಲಿ ಉಂಗುರ.

ಆಮೇಲೆ ಓಲೆಯನ್ನು ನೀರಿಗೆ ಹಾಕಿ ಉಜ್ಜಿದ. ಕುಂಕುಮ ನೀರೊಳಗೆ ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಓಲೆ ಹೊಚ್ಚ ಹೊಸದಾಗಿ ಹೊರಬಂತು. ಬಿಸಿಲು ಮಳೆ ಕಾಣದ, ಎಲ್ಲೂ ಒರಸದ ಹಳದಿ. ಹೀಗಿದ್ದರೆ ನಡೆಯುವುದಿಲ್ಲ ಎಂದು ಸಗಣಿ ತೆಗೆದು ತಿಕ್ಕಿದ, ಕಲ್ಲಿಗೆ ಉಜ್ಜಿ ಗೀರು ಎಬ್ಬಿಸಿದ. ಮಾರಮ್ಮ ನೋಡುತ್ತಿದ್ದಳು. ಈಗ ಚುಚ್ಚಿದರೆ ಸೋಮಿಗೆ ನೋವಾಗುವುದಿಲ್ಲ, ಆಮೇಲೆ ಡಾಕ್ಟರು ಕಿವಿಯನ್ನು ಒಸಿ ಕೊಯ್ದುಕೊಳ್ಳುತ್ತಾರೆ, ಆಫೀಸಿನ ರೂಲ್ಸು ಎಂದು ಅವನು ಕಲ್ಲಿನ ಕಡೆ ನೋಡುತ್ತ ಹೇಳಿದ.

"ಕುಯ್ತಾರಾ?" ಎಂದಳು ಅವಳು. ಮತ್ತೆ ಸೊಪ್ಪು ಕೈಗೆ ತೆಗೆದುಕೊಂಡು ಕೇಳಿದಳು: "ಕುಯ್ದು ಏನ್ ಮಾಡ್ತಾರೆ?"

ಡ್ರಾಯರಿನಲ್ಲಿ ಇಡುತ್ತಾರೆ ಎಂದು ಅವನು ಹೇಳಲಿಲ್ಲ. ಕ್ಲೇಮು ಆಗದಿದ್ದರೆ ಇನ್ನೊಂದು ಹಸು ತರಲು ನಿನ್ನ ಹತ್ತಿರ ಏನಿದೆ ಎಂದು ಕೇಳಿದ. ಉತ್ತರ ಇಬ್ಬರಿಗೂ ಗೊತ್ತಿತ್ತು. ಹಸುವಿಲ್ಲದಿದ್ದರೆ ಅವಳು ಉಯ್ಯಂಬಳ್ಳಿಗೆ, ಅಳಿಯನ ಮನೆಯ ಜಗಲಿಗೆ ಹೋಗಬೇಕು. ಆ ಅಳಿಯನ ಬಾಯಿ ಎಂಥದೆಂದು ಅವಳೇ ಸಾಲಿನಲ್ಲಿ ನಿಂತು ನಗುನಗುತ್ತ ಎಷ್ಟೋ ಸಲ ಹೇಳಿದ್ದಳು. "ನೀನು ಏನ್ ಮಾಡೀಯೋ ಮಾಡಪ್ಪ. ನನ್ಗೇನ್ ತಿಳೀತದೆ" ಎಂದು ಸೆರಗಿನಲ್ಲಿ ಸೋಮಿಯ ಕಣ್ಣು ಮುಚ್ಚಿ, ಮುಖ ಆ ಕಡೆ ತಿರುಗಿಸಿ ಕೂತಳು.

ಇಕ್ಕಳಕ್ಕೆ ಓಲೆ ಸಿಕ್ಕಿಸಿ ಲಿಂಗಯ್ಯ ಮಂಡಿಯೂರಿದ. ಕಿವಿಯನ್ನು ಎಡಗೈಗೆ ತೆಗೆದುಕೊಂಡ. ತಣ್ಣಗಿತ್ತು, ಆದರೆ ಒಳಗಿನ ಕೂದಲು ಇನ್ನೂ ಮೆತ್ತಗಿತ್ತು. ನರಗಳು ಎಲೆಯ ನರಗಳಂತೆ ಬೆಳಕಿಗೆ ಕಂಡವು. ಜಾಗ ನೋಡಿಕೊಳ್ಳಲು ಬಲಗೈ ಹೆಬ್ಬೆರಳನ್ನು ಕಿವಿಯ ಮೇಲಿಟ್ಟ. ಅದು ನೆಗೆಟಿವಿನಲ್ಲಿ ಇದ್ದ ಜಾಗವೇ. ಬೆರಳು ತಾನಾಗಿಯೇ ಅಲ್ಲಿಗೆ ಹೋಗಿ ಕೂತಿತ್ತು. ಒತ್ತಬೇಕು ಎಂದುಕೊಂಡ. ಎದುರಿಗಿರುವುದು ಒಂದು ಚೂರು ಚರ್ಮ. ಕಿರುಚುವವರು ಯಾರೂ ಇಲ್ಲ, ರಸ್ತೆಗೆ ಓಡಿಹೋಗುವ ಕಾರಣವೂ ಇಲ್ಲ. ಒಂದು ನೊಣ ಬಂದು ಅವನ ಸೀಳು ಉಗುರಿನ ಮೇಲೆ ಕೂತು, ಕೈಕಾಲು ಉಜ್ಜಿಕೊಂಡು, ಅಲ್ಲಿಂದ ಸೋಮಿಯ ಕಿವಿಗೆ ನಡೆದು ಹೋಯಿತು, ಎರಡೂ ಒಂದೇ ಮೈಯೆಂಬ ಹಾಗೆ. ಕಿವಿ ಕೊಡವುತ್ತದೆ ಎಂದು ಅವನು ಕಾದ. ಅದು ಕೊಡವಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದನೋ. ಬೈಕು ನಿಂತ ಸದ್ದು ಕೇಳಿದಾಗಲೂ ಕೈ ತೆಗೆಯಬೇಕೆಂದು ಹೊಳೆಯಲಿಲ್ಲ.

ನಂಜುಂಡಯ್ಯನವರು ಚಪ್ಪಲಿ ಬಿಡದೆ ಹಿತ್ತಲಿಗೆ ಬಂದು, ಬ್ಯಾಗನ್ನು ಕಲ್ಲಿನ ಮೇಲಿಟ್ಟು, ಇಕ್ಕಳ, ಓಲೆ, ಸಗಣಿ, ಕೆಂಪು ನೀರಿನ ಬೋಗುಣಿ ಎಲ್ಲವನ್ನೂ ಒಂದು ಸುತ್ತು ನೋಡಿದರು. ನಿವೃತ್ತಿಗೆ ಐದು ತಿಂಗಳಿತ್ತು ಅವರಿಗೆ. ಲಿಂಗಯ್ಯ ಎದ್ದು ನಿಂತ. ಬಾಯಿಂದ ಮಾತು ಹೊರಟಾಗ ಅದಕ್ಕೆ ತಲೆಬುಡ ಇರಲಿಲ್ಲ. ಕ್ಯಾಂಪು, ಬಿಸಿಲು, ಬೇಲಿಗೆ ಸಿಕ್ಕ ಕಿವಿ, ಫೋಟೋ, ಶುಕೂರನ ಸುರುಳಿ ಎಲ್ಲವೂ ಒಂದರ ಮೇಲೊಂದು ಬಿದ್ದವು. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿದರು. ಕೊನೆಗೆ, ಹೀಗೆ ಎಷ್ಟು ಹಸು ಎಂದರು. ಇದೊಂದೇ ಸಾರ್ ಎಂದ. ಅವರು ನಂಬಿದರೋ ಬಿಟ್ಟರೋ ತಿಳಿಯಲಿಲ್ಲ.

"ಆ ಹೆಬ್ಬೆರಳು ನಾನು ಅವತ್ತೇ ನೋಡಿದ್ದೆ ಲಿಂಗಯ್ಯ" ಎಂದರು ಡಾಕ್ಟರು. "ಫೋಟೋ ಅಂಟಿಸ್ತಾ ಇದ್ದವನು ನಾನೇ ತಾನೆ? 'ನನ್ನ ಸಮಕ್ಷಮ ಓಲೆ ಅಳವಡಿಸಲಾಗಿದೆ' ಅಂತ ಅದರ ಕೆಳಗೇ ಸಹಿ ಹಾಕಿದೆ. ನಾನು ಅಧ್ಯಕ್ಷರ ಮನೇಲಿ ಪಾಯಸ ಉಣ್ತಾ ಇದ್ದೆ ಅಂತ ಹ್ಯಾಗೆ ಬರೆಯೋದು?" ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ, "ಒತ್ತಿ. ನಾನು ಆ ಕಡೆ ತಿರುಗಿಕೊಳ್ತೀನಿ. ತೂತು ಹಳೇದು ಅಂತ ನಾನು ಬರೀತೀನಿ. ಯಾರಿಗೂ ತೊಂದರೆ ಇಲ್ಲ" ಎಂದು ಹೇಳಿ ನಿಜಕ್ಕೂ ತಿರುಗಿ, ಬೇಲಿಯಾಚೆಯ ಹಿಪ್ಪುನೇರಳೆ ತೋಟವನ್ನು ನೋಡುತ್ತ ನಿಂತರು.

ಎರಡು ವರ್ಷ ತನ್ನೊಬ್ಬನ ಗುಟ್ಟೆಂದುಕೊಂಡಿದ್ದು ಇನ್ನೊಬ್ಬರ ಫೈಲಿನಲ್ಲೂ ಅಷ್ಟೇ ಕಾಲ ಕೂತಿತ್ತು. ಬೆಳಗಿನಿಂದ ಪಟ್ಟ ಭಯವೆಲ್ಲ ಹುರುಳಿಲ್ಲದ್ದು. ಹಗುರಾಗಬೇಕಿತ್ತು. ಆದರೆ ಈ ಕಡೆ ಮಾರಮ್ಮ ಬೆನ್ನು ತಿರುಗಿಸಿದ್ದಳು, ಆ ಕಡೆ ಡಾಕ್ಟರು ಬೆನ್ನು ತಿರುಗಿಸಿದ್ದರು. ನಡುವೆ ಅವನು, ಇಕ್ಕಳ, ಸತ್ತ ಹಸು. ಎಲ್ಲರೂ ರಸ್ತೆಗೆ ಇಳಿದುಹೋಗಿದ್ದರು; ಮಣೆಯ ಮೇಲೆ ಉಳಿದವನು ಈಗ ಅವನೊಬ್ಬನೇ. ಮತ್ತೆ ಮಂಡಿಯೂರುವಾಗ ಕಲ್ಲಿನ ಮೇಲಿದ್ದ ಫಾರಂ ಗಾಳಿಗೆ ಎದ್ದಿತು. ಹಾರದ ಹಾಗೆ ಅದನ್ನು ಹಿಡಿದಾಗ ಕಣ್ಣು ದಪ್ಪಕ್ಷರಗಳ ಮೇಲೆ ಬಿತ್ತು. ಮೇಲ್ಕಂಡ ಸಂಖ್ಯೆಯ ಓಲೆಯು ಸದರಿ ರಾಸಿನ ಕಿವಿಯಲ್ಲಿಯೇ ಇದ್ದುದಾಗಿಯೂ, ಇದರಲ್ಲಿ ಸುಳ್ಳು ಕಂಡುಬಂದಲ್ಲಿ ಮುಂದಿನ ಕಾನೂನು ಕ್ರಮಕ್ಕೆ ನಾನೇ ಹೊಣೆಯೆಂದೂ ಒಪ್ಪಿ ಹಾಕಿದ ಸಹಿ ಅಥವಾ ಹೆಬ್ಬೆಟ್ಟಿನ ಗುರುತು. ಕೆಳಗೆ ಆ ನೀಲಿ ಉಂಗುರ. ಬೆಳಗಿನಿಂದ ಅವನು ತನ್ನ ಹೆಬ್ಬೆರಳಿಗಾಗಿಯೇ ಹೆದರಿದ್ದ. ಕಾಗದದ ಮೇಲೆ ಇದ್ದದ್ದು ಅವಳದು. ಅವನೇ ಹಿಡಿದು ಒತ್ತಿಸಿದ್ದು, ಒಂದು ಅಕ್ಷರವನ್ನೂ ಓದಿ ಹೇಳದೆ. ತಲೆ ಎತ್ತಿದರೆ ಮಾರಮ್ಮ ಅದೇ ಹೆಬ್ಬೆಟ್ಟಿನ ಇಂಕನ್ನು ಸೋಮಿಯ ಕುತ್ತಿಗೆಯ ಕೂದಲಿಗೆ ಮೆಲ್ಲಗೆ ಒರೆಸುತ್ತಿದ್ದಳು.

ಅವನು ಜೇಬಿನಿಂದ ಪೆನ್ನು ತೆಗೆದು ದಪ್ಪಕ್ಷರಗಳ ಮೇಲೆ ಅಡ್ಡಗೆರೆ ಎಳೆದ. ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದ: ಓಲೆಯು ಕಿವಿಯಲ್ಲಿ ಇರಲಿಲ್ಲ. ಕ್ಯಾಂಪಿನ ದಿನ ಓಲೆ ಹೊಡೆಯುವ ಕೆಲಸ ನನ್ನದಾಗಿತ್ತು. ಮಾಲೀಕರು ಹೊಡೆಯಿರಿ ಎಂದು ಎಷ್ಟು ಕೇಳಿದರೂ ನಾನು ಆಲಸ್ಯದಿಂದ ಹೊಡೆಯದೆ, ಓಲೆಯನ್ನು ಅವರ ಕೈಗೆ ಕೊಟ್ಟು, ಫೋಟೋದಲ್ಲಿ ನಾನೇ ಬೆರಳಿನಿಂದ ಹಿಡಿದಿರುತ್ತೇನೆ. ಅವರ ತಪ್ಪೇನೂ ಇರುವುದಿಲ್ಲ. ಬರೆದ ಮೇಲೆ ಓದಿಕೊಂಡ. 'ಎಷ್ಟು ಕೇಳಿದರೂ' ಎನ್ನುವಲ್ಲಿ ಪೆನ್ನು ಒಂದಿಷ್ಟೂ ನಡುಗಿರಲಿಲ್ಲ. ಆಲಸ್ಯ ಎಂದು ಬರೆದದ್ದು ಸುಳ್ಳೋ ನಿಜವೋ ಎಂದು ಮಾತ್ರ ಈಗಲೂ ಗೊತ್ತಾಗಲಿಲ್ಲ. ಸಹಿ ಹಾಕಿದ. ಸಾಲದು ಅನ್ನಿಸಿ ಪ್ಯಾಡು ಬಿಚ್ಚಿ ಬಲಗೈ ಹೆಬ್ಬೆರಳನ್ನೂ ಒತ್ತಿದ.

ಡಾಕ್ಟರು ಓದಿದರು. ಮತ್ತೊಮ್ಮೆ ಓದಿದರು. "ಇದ್ರಲ್ಲಿ ನನ್ನ ಹೆಸರು ಬರೆದಿಲ್ವಲ್ರೀ?" ಎಂದರು. ಇಲ್ಲ ಸಾರ್ ಎಂದ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. "ಕ್ಲೇಮು ಬರುತ್ತೋ ಇಲ್ವೋ, ನಾನು ಹೇಳಲಾರೆ. ಮೇಲಿನವರು ಹಟ ಹಿಡಿದರೆ ಬರಲ್ಲ. ನಿಮ್ಮ ಕೆಲ್ಸ ಮಾತ್ರ ಹೋಗುತ್ತೆ. ಮನೇಲಿ ಕೇಳಿದೀರ?" ಲಿಂಗಯ್ಯ ಇಲ್ಲವೆಂದು ತಲೆಯಾಡಿಸಿದ. ಗಂಗಲಕ್ಷ್ಮಮ್ಮ ಚಪ್ಪಲಿ ಬಿಡುತ್ತ ಕಣ್ಣ ಮುಂದೆ ಬಂದು ನಿಂತಳು. ಡಾಕ್ಟರು ನಿಟ್ಟುಸಿರಿಟ್ಟು ಪೆನ್ನಿಗಾಗಿ ಕೈ ಚಾಚಿದರು. ಅವನ ಬರಹದ ಪಕ್ಕದ ಇಕ್ಕಟ್ಟಿನಲ್ಲಿ 'ನಾನು ಆಗ ಸ್ಥಳದಲ್ಲಿರಲಿಲ್ಲ' ಎಂದು ಸಣ್ಣಗೆ ಬರೆದು, ಬರೆದದ್ದು ಯಾರ ಕೈ ಎಂದು ನೋಡುವವರಂತೆ ತಮ್ಮ ಕೈಯನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿ, ಹೊಟ್ಟೆಯ ಪರೀಕ್ಷೆಗೆ ಬ್ಯಾಗು ಬಿಚ್ಚಿದರು. ಓಲೆ ಕಳೆಯಬಾರದು, ಫಾರಮಿಗೇ ಸೇರಿಸಿಬಿಡಿ ಎಂದರು.

ಸೇರಿಸಲು ಗುಂಡುಸೂಜಿ ಇರಲಿಲ್ಲ. ಓಲೆ ಇಕ್ಕಳದಲ್ಲೇ ಇತ್ತು. ಲಿಂಗಯ್ಯ ಫಾರಮನ್ನು ಎರಡು ಮಡಿಕೆ ಮಾಡಿ, ಅದರ ಮೂಲೆಯನ್ನು ಇಕ್ಕಳದ ಬಾಯಿಗೆ ಕೊಟ್ಟು, ಎರಡು ಕೈಯನ್ನೂ ಸೇರಿಸಿ ಒತ್ತಿದ.

ಟಕ್ ಎಂದಿತು.

ಆ ಕಡೆ ಮುಖ ಮಾಡಿ ಕೂತಿದ್ದ ಮಾರಮ್ಮ ಬೆಚ್ಚಿ, ತಿರುಗಿ ನೋಡುವುದಕ್ಕೂ ಮೊದಲೇ, ಎರಡು ಕೈಯಲ್ಲಿ ಸೋಮಿಯ ಎರಡು ಕಿವಿಗಳನ್ನೂ ಮುಚ್ಚಿಕೊಂಡಳು. ಹಾಗೇ ಹಿಡಿದುಕೊಂಡು, ಅಂಗೈಯಲ್ಲಿ ಒಂದೊಂದು ಕಿವಿಯನ್ನೂ ಬುಡದಿಂದ ತುದಿಯ ತನಕ ಮುಟ್ಟಿ ನೋಡಿದಳು. ಎಲ್ಲೂ ತೂತಿರಲಿಲ್ಲ.